ಹೇಳಿ ಮರೆಯೋ ಸರ್ವರ್, ನೆನಪಿಟ್ಟುಕೊಳ್ಳೋ ಸರ್ವರ್

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ. ಒಬ್ಬ ರೀಲರ್ ಚಿಂತಾಮಣಿ ಕಡೆಯ ರೈತರಿಗೆ ಇಂಟರ್ನೆಟ್ ಫೋನಲ್ಲಿ ಕರೆ ಮಾಡ್ತಾರೆ ಅಂದ್ಕೊಳ್ಳಿ. ‘ಇನ್ವೈಟ್’ ಅನ್ನೋ ಸಂದೇಶ ಮೊದಲು ಕರೆ ಜೋಡಿಸೋ ಎಸ್‌ಐಪಿ ಸರ್ವರ್‌ಗೆ ಹೋಗುತ್ತೆ.

ಸರ್ವರ್ ಸ್ಟೇಟ್‌ಲೆಸ್ ಆಗಿ ಉತ್ತರಿಸಿದ್ರೆ, ‘404, ಈ ನಂಬರ್ ಇಲ್ಲ’ ಅಂತ ಹೇಳಿ ಆ ಕ್ಷಣವೇ ಮರೆತುಬಿಡುತ್ತೆ. ಸರ್ವರ್‌ನ ಮೆಮೊರಿ ಉಳಿತಾಯ ಆಗುತ್ತೆ. ಸುಳ್ಳು ಕರೆಗಳು ಮುತ್ತಿಕೊಂಡಾಗ ಇದೇ ಸರಿ.

ಆದ್ರೆ ಆ ಉತ್ತರ ದಾರೀಲೇ ಕಳೆದುಹೋದ್ರೆ? ಸಂದೇಶ ತಲುಪಿತಾ ಅಂತ ನೋಡದ ಯುಡಿಪಿಯಲ್ಲಿ ಇದು ಆಗೋದೇ. ಫೋನ್ ಅರ್ಧ ಸೆಕೆಂಡ್ ಕಾದು ಮತ್ತೆ ಕೇಳುತ್ತೆ. ಆಮೇಲೆ 1 ಸೆಕೆಂಡ್, 2, 4... ಉತ್ತರ ಸಿಗದಿದ್ರೆ ಒಟ್ಟು 32 ಸೆಕೆಂಡ್ ಪ್ರಯತ್ನ. 2002ರ ಎಸ್‌ಐಪಿ ನಿಯಮ ಇದು. ಮರೆತ ಸರ್ವರ್‌ಗೆ ಪ್ರತಿ ಸಲವೂ ಅದು ಹೊಸ ಕರೆ, ಮೊದಲಿಂದ ಕೆಲಸ.

ಸ್ಟೇಟ್‌ಫುಲ್ ಸರ್ವರ್ ಹಾಗಲ್ಲ. ಕರೆಯ ಲೆಕ್ಕ, ಅಂದ್ರೆ ‘ಟ್ರಾನ್ಸಾಕ್ಷನ್’, ಇಟ್ಟಿರುತ್ತೆ. ಅದೇ ಇನ್ವೈಟ್ ಮತ್ತೆ ಬಂದ್ರೆ ಕೊಟ್ಟ ಉತ್ತರವನ್ನೇ ಮತ್ತೆ ಕಳಿಸುತ್ತೆ. ‘ಬಿಜಿ’ ಅಂದಿದ್ರೆ, ‘ಎಸಿಕೆ’ ಅನ್ನೋ ಒಪ್ಪಿಗೆ ಬರೋವರೆಗೂ ತಾನಾಗೇ ಕಳಿಸ್ತಿರುತ್ತೆ. ರೈತರ ಮೊಬೈಲು, ಮನೆ ಫೋನು ಎರಡೂ ಒಟ್ಟಿಗೆ ರಿಂಗ್ ಆಗ್ಬೇಕಾ? ಒಂದನ್ನ ಎತ್ತಿದ ಕೂಡಲೇ ಇನ್ನೊಂದು ನಿಲ್ಬೇಕಾ? ನೆನಪಿಲ್ಲದ ಸರ್ವರ್‌ನಿಂದ ಅದು ಆಗದ ಮಾತು.

ಕಮೈಲಿಯೋ ಅನ್ನೋ ಎಸ್‌ಐಪಿ ಸರ್ವರ್ ನೋಡ್ಕೊಳ್ಳೋರು ಗಮನಿಸಿ. ಟ್ರಾನ್ಸಾಕ್ಷನ್ ಶುರುವಾದ ಮೇಲೆ ‘ಟಿ_ರಿಪ್ಲೈ’ ಫಂಕ್ಷನ್‌ನಿಂದಲೇ ಉತ್ತರ ಕೊಡಿ. ಅಲ್ಲಿ ‘ಎಸ್‌ಎಲ್_ಸೆಂಡ್_ರಿಪ್ಲೈ’ ಬಳಸಿದ್ರೆ, ಉತ್ತರ ಹೋಗಿದ್ದು ಟ್ರಾನ್ಸಾಕ್ಷನ್‌ಗೆ ಗೊತ್ತೇ ಆಗಲ್ಲ. ನಿಮ್ಮ ಕಾನ್ಫಿಗ್‌ನಲ್ಲಿ ಆ ಸಾಲನ್ನ ಇವತ್ತೇ ನೋಡ್ಬಿಡಿ.