ಎಲ್ಲ ಹಲ್ಲು ಹೋದವರಿಗೆ ಇಂಪ್ಲಾಂಟ್: ಎಷ್ಟು ಬೇಕು, ಯಾರಿಗೆ ಬೇಕು?

ಮನೆಯ ಹಿರಿಯರ ಬಾಯಿಯಲ್ಲಿ ಒಂದು ಹಲ್ಲೂ ಉಳಿಯದಿದ್ದಾಗ ಅದನ್ನು ವಯಸ್ಸಿನ ಸಹಜ ಗುಣವೆಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ಅದರ ಪರಿಣಾಮ ಊಟದ ತಟ್ಟೆಯಲ್ಲಿ ಕಾಣುತ್ತದೆ. ಮೊದಲು ಮಾಂಸದ ತುಂಡು ಬದಿಗೆ ಸರಿಯುತ್ತದೆ. ನಂತರ ಕಡಲೆ, ಸೌತೆಕಾಯಿ, ಪೇರಳೆ ಒಂದೊಂದಾಗಿ ದೂರವಾಗುತ್ತವೆ. ಕೊನೆಗೆ ಉಳಿಯುವುದು ಗಂಜಿ ಮತ್ತು ಚಹಾದಲ್ಲಿ ಅದ್ದಿದ ಬಿಸ್ಕತ್ತು. ದೇಹಕ್ಕೆ ಪ್ರೋಟೀನು, ನಾರಿನಂಶ ಕಡಿಮೆಯಾಗಿ ಅನ್ನ, ಹಿಟ್ಟು, ಸಕ್ಕರೆ ಹೆಚ್ಚಾಗುತ್ತದೆ. ಮಧುಮೇಹ ಇರುವವರಿಗೆ ಇದು ಇನ್ನಷ್ಟು ಹಾನಿಕರ. ಮಾತೂ ಅಸ್ಪಷ್ಟವಾಗುತ್ತದೆ. ಸೀನ್, ಫಾ ಮೊದಲಾದ ಅಕ್ಷರಗಳು ಸರಿಯಾಗಿ ಹೊರಡಲು ಮುಂದಿನ ಹಲ್ಲುಗಳ ನೆರವು ಬೇಕಾಗುವುದರಿಂದ ಕುರ್‌ಆನ್ ಪಾರಾಯಣದಲ್ಲೂ ತೊಡಕಾಗುತ್ತದೆ.

ಇಂಥವರಿಗೆ ಇಂದು ಇಂಪ್ಲಾಂಟ್ ಚಿಕಿತ್ಸೆ ಲಭ್ಯವಿದೆ. ಆದರೆ ಇದರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳಿವೆ. ಹೋದ ಪ್ರತಿಯೊಂದು ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕು, ಅಷ್ಟು ಹಣ ನಮ್ಮಿಂದಾಗದು ಎಂದು ಕೆಲವರು ವಿಚಾರಿಸುವ ಮೊದಲೇ ಕೈಬಿಡುತ್ತಾರೆ. ಇನ್ನು ಕೆಲವರು ‘ಒಂದೇ ದಿನದಲ್ಲಿ ಬಾಯಿ ತುಂಬ ಹಲ್ಲು’ ಎಂಬ ಜಾಹೀರಾತು ನೋಡಿ ಸಾಲ ಮಾಡಿಯಾದರೂ ಹೊರಡುತ್ತಾರೆ. ಎರಡೂ ಸರಿಯಲ್ಲ. ಯಾವ ಬಾಯಿಗೆ ಎಷ್ಟು ಬೇಕು ಎಂಬುದು ದವಡೆಯ ಎಲುಬು, ರೋಗಿಯ ಆರೋಗ್ಯ ಮತ್ತು ಮುಂದಿನ ಆರೈಕೆಯನ್ನು ಅವಲಂಬಿಸಿದೆ.

ಹಲ್ಲು ಸೆಟ್ ಯಾಕೆ ಸಡಿಲವಾಗುತ್ತದೆ?

ಹಲ್ಲಿನ ಬೇರು ಇರುವಷ್ಟು ಕಾಲ ಅದನ್ನು ಹಿಡಿದಿರುವ ಎಲುಬೂ ಗಟ್ಟಿಯಾಗಿರುತ್ತದೆ. ಹಲ್ಲು ಕಿತ್ತ ಮೇಲೆ ಆ ಎಲುಬಿಗೆ ಕೆಲಸವಿಲ್ಲದೆ ಅದು ಕರಗತೊಡಗುತ್ತದೆ. ಮೊದಲ ವರ್ಷ ಇದು ವೇಗವಾಗಿ ನಡೆಯುತ್ತದೆ, ಅನಂತರ ನಿಧಾನವಾಗಿ ಜೀವನವಿಡೀ ಮುಂದುವರಿಯುತ್ತದೆ. ಮೇಲಿನ ದವಡೆಗಿಂತ ಕೆಳದವಡೆಯಲ್ಲಿ ಈ ನಷ್ಟ ಹೆಚ್ಚು. ಕೆನ್ನೆ ಒಳಸೇರಿ, ಗದ್ದ ಮುಂದೆ ಬಂದಂತೆ ಕಾಣಲು ಇದೇ ಕಾರಣ.

ತೆಗೆದು ಹಾಕುವ ಸಾಮಾನ್ಯ ಸೆಟ್‌ನ ಮೇಲ್ಭಾಗ ಅಂಗುಳಿಗೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನ ಸೆಟ್‌ಗೆ ಅಂಥ ಆಸರೆ ಇಲ್ಲ. ಅದು ಕುದುರೆ ಲಾಳದ ಆಕಾರದಲ್ಲಿ ಒಸಡಿನ ಮೇಲೆ ಕುಳಿತಿರುತ್ತದೆ, ನಾಲಗೆ ಅಲುಗಿದಾಗಲೆಲ್ಲ ಏಳುತ್ತದೆ. ಎಲುಬು ಕರಗಿದಂತೆ ಸೆಟ್ ಇನ್ನಷ್ಟು ಸಡಿಲವಾಗಿ ಒಸಡು ಹುಣ್ಣಾಗುತ್ತದೆ. ಚೆನ್ನಾಗಿ ಕೂತ ಸೆಟ್‌ನಲ್ಲೂ ಸ್ವಂತ ಹಲ್ಲಿನಿಂದ ಕಚ್ಚುವ ಬಲದ ಕಾಲು ಭಾಗದಷ್ಟು ಸಿಕ್ಕರೆ ಹೆಚ್ಚು. ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ಸೆಟ್ ಬಾಯಿಯಲ್ಲಿರುವುದಕ್ಕಿಂತ ಕಪಾಟಿನ ಡಬ್ಬಿಯಲ್ಲಿರುವ ಹೊತ್ತೇ ಹೆಚ್ಚು.

ಇಂಪ್ಲಾಂಟ್ ಎಂದರೇನು?

ಇಂಪ್ಲಾಂಟ್ ಎಂಬುದು ಹಲ್ಲಲ್ಲ, ಹಲ್ಲಿನ ಬೇರಿನ ಸ್ಥಾನದಲ್ಲಿ ಕೂರುವ ಪುಟ್ಟ ಸ್ಕ್ರೂ. ಸಾಮಾನ್ಯವಾಗಿ 3.5ರಿಂದ 5 ಮಿಲಿಮೀಟರ್ ದಪ್ಪ, 8ರಿಂದ 15 ಮಿಲಿಮೀಟರ್ ಉದ್ದ ಇರುತ್ತದೆ. ಹೆಚ್ಚಿನವು ಟೈಟಾನಿಯಂ ಲೋಹದವು. ಇದನ್ನು ದವಡೆಯ ಎಲುಬಿನಲ್ಲಿ ಕೂರಿಸಿ, ಅದರ ಮೇಲೆ ಒಂದು ಜೋಡಣೆಯ ತುಂಡು, ಅದರ ಮೇಲೆ ಹಲ್ಲಿನ ಸೆಟ್ ಹೀಗೆ ಮೂರು ಭಾಗಗಳಲ್ಲಿ ಕೆಲಸ ನಡೆಯುತ್ತದೆ.

ಟೈಟಾನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡವರು ಸ್ವೀಡನ್‌ನ ವೈದ್ಯ ಪೆರ್ ಇಂಗ್ವಾರ್ ಬ್ರೊನೆಮಾರ್ಕ್. 1952ರಲ್ಲಿ ಮೊಲದ ಎಲುಬಿನೊಳಗಿನ ರಕ್ತಸಂಚಾರ ನೋಡಲು ಅವರು ಟೈಟಾನಿಯಂ ಉಪಕರಣ ಅಳವಡಿಸಿದ್ದರು. ಕೊನೆಯಲ್ಲಿ ತೆಗೆಯಲು ಹೋದರೆ ಅದು ಎಲುಬಿನೊಂದಿಗೆ ಒಂದಾಗಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬವರ ಹಲ್ಲಿಲ್ಲದ ಕೆಳದವಡೆಗೆ ಅವರು ಇಂಪ್ಲಾಂಟ್ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಅಂದರೆ ಈ ಚಿಕಿತ್ಸೆ ಆರಂಭವಾದದ್ದೇ ಎಲ್ಲ ಹಲ್ಲು ಇಲ್ಲದವರಿಗಾಗಿ.

ನಿಮ್ಮ ಮುಂದಿರುವ ದಾರಿಗಳು

ಮೊದಲನೆಯದು, ಸಾಮಾನ್ಯ ಸೆಟ್. ಶಸ್ತ್ರಚಿಕಿತ್ಸೆ ಬೇಡ, ಖರ್ಚು ಕಡಿಮೆ. ದೇಹಸ್ಥಿತಿ ಶಸ್ತ್ರಚಿಕಿತ್ಸೆಗೆ ಒಗ್ಗದವರಿಗೆ ಇದೇ ಸರಿ. ಕರ್ನಾಟಕ ಸರಕಾರದ ದಂತ ಭಾಗ್ಯ ಯೋಜನೆಯಡಿ ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಸೆಟ್ ನೀಡಲಾಗಿದೆ. ಈಗಿನ ಸೌಲಭ್ಯದ ಬಗ್ಗೆ ಸಮೀಪದ ಸರಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಎರಡನೆಯದು, ಇಂಪ್ಲಾಂಟ್ ಮೇಲೆ ಕೂರುವ, ತೆಗೆದು ತೊಳೆಯಬಹುದಾದ ಸೆಟ್. ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿದರೆ ಅಂಗಿಯ ಪ್ರೆಸ್ ಬಟನ್‌ನಂತೆ ಸೆಟ್ ಅದಕ್ಕೆ ಕಚ್ಚಿಕೊಳ್ಳುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಸೆಟ್ ಮೊದಲ ಆಯ್ಕೆಯಾಗಬೇಕು ಎಂದು ಅಭಿಪ್ರಾಯಪಟ್ಟರು. ಮೇಲಿನ ದವಡೆಯ ಎಲುಬು ಮೃದುವಾಗಿರುವುದರಿಂದ ಅಲ್ಲಿ ಸಾಮಾನ್ಯವಾಗಿ ನಾಲ್ಕು ಬೇಕು. ಆದರೆ ಮೇಲಿನ ಸಾಮಾನ್ಯ ಸೆಟ್ ಚೆನ್ನಾಗಿ ನಿಂತಿದ್ದರೆ ಅದನ್ನು ಹಾಗೆಯೇ ಉಳಿಸಿ, ಕೆಳಗೆ ಮಾತ್ರ ಎರಡು ಇಂಪ್ಲಾಂಟ್ ಹಾಕಿಸಬಹುದು. ಈಗಿರುವ ಕೆಳಗಿನ ಸೆಟ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದಕ್ಕೇ ಬಟನ್ ಜೋಡಿಸಲೂ ಸಾಧ್ಯ. ಸಾಧಾರಣ ಆದಾಯದ ಕುಟುಂಬಗಳು ಮೊದಲು ಕೇಳಬೇಕಾದದ್ದು ಈ ದಾರಿಯ ಬಗ್ಗೆಯೇ.

ಮೂರನೆಯದು, ಕದಲದ ಸೆಟ್. ಒಂದು ದವಡೆಗೆ ನಾಲ್ಕರಿಂದ ಆರು, ಕೆಲವೊಮ್ಮೆ ಎಂಟು ಇಂಪ್ಲಾಂಟ್ ಹಾಕಿ ಹತ್ತರಿಂದ ಹದಿನಾಲ್ಕು ಹಲ್ಲುಗಳ ಸೆಟ್ಟನ್ನು ಸ್ಕ್ರೂ ಮಾಡಿ ಬಿಗಿಯುತ್ತಾರೆ. ರೋಗಿ ಅದನ್ನು ತೆಗೆಯುವಂತಿಲ್ಲ, ವೈದ್ಯರು ಮಾತ್ರ ತೆಗೆಯಬಲ್ಲರು. ನಾಲ್ಕು ಇಂಪ್ಲಾಂಟ್‌ಗಳಲ್ಲಿ ಹಿಂದಿನ ಎರಡನ್ನು ಓರೆಯಾಗಿ ಕೂರಿಸುವ ವಿಧಾನವನ್ನು ಪೋರ್ಚುಗಲ್‌ನ ದಂತವೈದ್ಯ ಪೌಲೊ ಮಾಲೊ ಪ್ರಚಾರಕ್ಕೆ ತಂದರು. ಇದರಿಂದ ಹಿಂಭಾಗದಲ್ಲಿ ಎಲುಬು ಕಡಿಮೆ ಇರುವ ಎಷ್ಟೋ ಮಂದಿಗೆ ಎಲುಬು ತುಂಬಿಸುವ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ಈ ಸೆಟ್ ಸ್ವಂತ ಹಲ್ಲಿಗೆ ಹೆಚ್ಚು ಹತ್ತಿರವಾದದ್ದು, ಖರ್ಚೂ ಹೆಚ್ಚು. ಶುಚಿಗೊಳಿಸುವ ಶ್ರಮವೂ ಹೆಚ್ಚು.

‘ಒಂದೇ ದಿನದಲ್ಲಿ’ ಎಂಬುದರ ಅರ್ಥ

ಎಲುಬು ಗಟ್ಟಿಯಾಗಿದ್ದು, ಇಂಪ್ಲಾಂಟ್ ಬಿಗಿಯಾಗಿ ಕೂತರೆ ಅದೇ ದಿನ ಅಥವಾ ಕೆಲವೇ ದಿನಗಳಲ್ಲಿ ಹಲ್ಲು ಕೊಡುವುದು ನಿಜ. ಆದರೆ ಅದು ತಾತ್ಕಾಲಿಕ ಸೆಟ್. ಇಂಪ್ಲಾಂಟ್ ಎಲುಬಿನೊಂದಿಗೆ ಬೆಸೆಯಲು ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳವರೆಗೂ ಬೇಕಾಗುತ್ತದೆ. ಅಲ್ಲಿಯ ತನಕ ಮೆತ್ತಗಿನ ಆಹಾರವೇ ಗತಿ. ಶಾಶ್ವತ ಸೆಟ್ ಕೂರುವುದು ಅದರ ನಂತರ.

ಗಲ್ಫ್‌ನಿಂದ ರಜೆಯಲ್ಲಿ ಬಂದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದು ತಿಂಗಳ ರಜೆಯಲ್ಲಿ ಎಲ್ಲವನ್ನೂ ಮುಗಿಸಿಕೊಡಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ. ಒಂದು ರಜೆಯಲ್ಲಿ ಇಂಪ್ಲಾಂಟ್, ಮುಂದಿನ ರಜೆಯಲ್ಲಿ ಶಾಶ್ವತ ಸೆಟ್ ಎಂದು ಯೋಜಿಸಿಕೊಳ್ಳಿ. ನಡುವೆ ಏನಾದರೂ ತೊಂದರೆಯಾದರೆ ಅಲ್ಲಿ ಯಾರಿಗೆ ತೋರಿಸಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಯಾರು ಎಚ್ಚರ ವಹಿಸಬೇಕು?

ವಯಸ್ಸು ಒಂದೇ ಅಡ್ಡಿಯಲ್ಲ. ಆರೋಗ್ಯವಾಗಿರುವ ಎಪ್ಪತ್ತು, ಎಂಬತ್ತರ ಹಿರಿಯರಿಗೂ ಇಂಪ್ಲಾಂಟ್ ಹಾಕಬಹುದು. ಆದರೆ ಈ ಕೆಳಗಿನ ವಿಷಯಗಳನ್ನು ವೈದ್ಯರಿಂದ ಮುಚ್ಚಿಡಬೇಡಿ.

ಮಧುಮೇಹ: ಹತೋಟಿಯಲ್ಲಿದ್ದರೆ ತೊಂದರೆಯಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಂಕ 8 ದಾಟಿದ್ದರೆ ಮೊದಲು ಸಕ್ಕರೆ ಇಳಿಯಲಿ ಎಂದು ಹೆಚ್ಚಿನ ವೈದ್ಯರು ಹೇಳುತ್ತಾರೆ. ಇಲ್ಲದಿದ್ದರೆ ಗಾಯ ಮಾಯದೆ ಸೋಂಕು ತಗಲುವ ಭಯವಿದೆ.

ಬೀಡಿ, ಸಿಗರೇಟು: ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಾಧ್ಯತೆ ಸುಮಾರು ಎರಡು ಪಟ್ಟು.

ಅಡಿಕೆ, ಗುಟ್ಕಾ: ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಭಾಗ ಗಡುಸಾಗಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಮೂರು ಬೆರಳು ನೆಟ್ಟಗೆ ಹೋಗುವಷ್ಟು ಬಾಯಿ ತೆರೆಯದಿದ್ದರೆ ಉಪಕರಣ ಒಳಹೋಗುವುದೇ ಕಷ್ಟ. ಅಷ್ಟೇ ಅಲ್ಲ, ಇದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಮೊದಲು ಅದರ ಚಿಕಿತ್ಸೆ ಆಗಲಿ.

ಔಷಧಿಗಳು: ಎಲುಬು ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆ, ಝೊಲೆಡ್ರೊನಿಕ್ ಆಸಿಡ್ ಅಥವಾ ಡೆನೊಸುಮಾಬ್ ಚುಚ್ಚುಮದ್ದು ಪಡೆದವರಲ್ಲಿ ದವಡೆಯ ಗಾಯ ಮಾಯದೆ ಎಲುಬು ಕೊಳೆಯುವ ಅಪಾಯವಿದೆ. ತಾಯಂದಿರಿಗೆ ಇಂಥ ಔಷಧಿ ಕೊಟ್ಟಿರುವುದು ಮಕ್ಕಳಿಗೆ ಗೊತ್ತಿರುವುದಿಲ್ಲ. ಹಳೆಯ ಚೀಟಿಗಳನ್ನೆಲ್ಲ ಕೊಂಡೊಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮುಖ, ಕತ್ತಿಗೆ ರೇಡಿಯೇಷನ್ ಆಗಿದ್ದರೆ ಅದನ್ನೂ ತಿಳಿಸಿ.

ಎಲುಬು ಸಾಲದಿದ್ದರೆ

ಚಿಕಿತ್ಸೆಗೆ ಮುನ್ನ ಸಿಬಿಸಿಟಿ ಎಂಬ ಸ್ಕ್ಯಾನ್ ಮಾಡುತ್ತಾರೆ. ಎಲುಬಿನ ಎತ್ತರ, ಅಗಲ, ಕೆಳದವಡೆಯ ನರ, ಮೇಲ್ದವಡೆಯ ಸೈನಸ್ ಎಂಬ ಗಾಳಿಕುಹರ ಎಲ್ಲಿವೆ ಎಂಬುದು ಅದರಲ್ಲಿ ತಿಳಿಯುತ್ತದೆ. ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿಯಬಹುದು. ಆದ್ದರಿಂದ ಸ್ಕ್ಯಾನ್ ಖರ್ಚು ಉಳಿಸಲು ಹೋಗಬೇಡಿ.

ಎಲುಬು ಸಾಲದಿದ್ದರೆ ಎಲುಬಿನ ಪುಡಿ ತುಂಬಿಸುವುದುಂಟು. ಈ ಪುಡಿ ರೋಗಿಯ ಸ್ವಂತ ಎಲುಬಿನದ್ದು, ದಾನಿಯದ್ದು, ದನದ್ದು, ಹಂದಿಯದ್ದು ಅಥವಾ ಕೃತಕವಾಗಿ ತಯಾರಿಸಿದ್ದು ಆಗಿರಬಹುದು. ಅದರ ಮೇಲೆ ಹೊದಿಸುವ ಕೊಲಾಜನ್ ಪದರವೂ ಹಲವು ಸಲ ಪ್ರಾಣಿಮೂಲದ್ದೇ. ಶಸ್ತ್ರಚಿಕಿತ್ಸೆಯ ದಿನ ಕೇಳಿ ಪ್ರಯೋಜನವಿಲ್ಲ, ಮೊದಲ ಭೇಟಿಯಲ್ಲೇ ಇದರ ಮೂಲ ಯಾವುದೆಂದು ವಿಚಾರಿಸಿ. ಕ್ಯಾಲ್ಶಿಯಂ ಫಾಸ್ಫೇಟ್‌ನಿಂದ ತಯಾರಿಸಿದ ಕೃತಕ ಪುಡಿಗಳು ಸಿಗುತ್ತವೆ. ಸಂದೇಹವಿದ್ದರೆ ವೈದ್ಯರಿಂದ ಪೂರ್ಣ ವಿವರ ಪಡೆದು ಅರಿವುಳ್ಳ ಆಲಿಮರನ್ನು ಕೇಳಿ.

ವುಝೂ, ನಮಾಝ್, ಉಪವಾಸ

ಶಸ್ತ್ರಚಿಕಿತ್ಸೆಯ ನಂತರ ಮೊದಲ 24 ಗಂಟೆ ಬಾಯಿಯನ್ನು ಜೋರಾಗಿ ಮುಕ್ಕಳಿಸಬಾರದು. ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮತ್ತೆ ರಕ್ತ ಸುರಿಯಬಹುದು. ಮೇಲ್ದವಡೆಯ ಸೈನಸ್ ಬಳಿ ಎಲುಬು ತುಂಬಿಸಿದ್ದರೆ ಮೂಗಿಗೆ ನೀರೆಳೆಯುವುದು, ಮೂಗು ಸೀಟುವುದು ಸುಮಾರು ಎರಡು ವಾರ ಬೇಡ. ತಲೆ ತಗ್ಗಿಸಿದರೂ ಒತ್ತಡ ಬೀಳುವುದರಿಂದ ಸುಜೂದ್ ಬಗ್ಗೆಯೂ ವೈದ್ಯರನ್ನು ಕೇಳಿ. ರೋಗಿಗಿರುವ ರಿಯಾಯಿತಿಗಳನ್ನು ಆಲಿಮರಿಂದ ಮೊದಲೇ ತಿಳಿದುಕೊಂಡರೆ ಆ ದಿನಗಳಲ್ಲಿ ಗೊಂದಲವಿರುವುದಿಲ್ಲ.

ಆ್ಯಂಟಿಬಯೋಟಿಕ್, ನೋವಿನ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಸೇವಿಸಬೇಕಾಗಿರುವುದರಿಂದ, ತುರ್ತಿಲ್ಲದ ಈ ಚಿಕಿತ್ಸೆಯನ್ನು ರಮಝಾನ್‌ಗೆ ಮೊದಲು ಅಥವಾ ನಂತರ ಇಟ್ಟುಕೊಳ್ಳುವುದು ಒಳ್ಳೆಯದು.

ಆರೈಕೆ ಜೀವನವಿಡೀ

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ. ಆದರೆ ಸುತ್ತಲಿನ ಒಸಡಿಗೆ ಸೋಂಕು ತಗಲಿ ಎಲುಬು ಕರಗಬಹುದು. ಆರಂಭದಲ್ಲಿ ನೋವೂ ಇರುವುದಿಲ್ಲ. ರಕ್ತ ಬರುವುದು, ಕೀವು, ದುರ್ವಾಸನೆ, ಸೆಟ್ ಅಲುಗುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ.

ತೆಗೆಯುವ ಸೆಟ್ಟನ್ನು ಪ್ರತಿ ಊಟದ ನಂತರ ತೊಳೆಯಿರಿ, ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಬಿಸಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಬಾಯಿಯಲ್ಲಿರುವ ಬಟನ್‌ಗಳನ್ನು ಮೆದು ಬ್ರಷ್‌ನಿಂದ ಉಜ್ಜಿ. ಸೆಟ್‌ನೊಳಗಿನ ನೈಲಾನ್ ಬಿಲ್ಲೆಗಳು ಸವೆಯುತ್ತವೆ, ಆಗಾಗ ಬದಲಿಸಬೇಕು. ಕದಲದ ಸೆಟ್ ಇದ್ದವರು ಅದರ ಅಡಿಯನ್ನು ಸಣ್ಣ ಬ್ರಷ್, ದಪ್ಪ ದಾರ ಅಥವಾ ನೀರಿನ ಪಿಚಕಾರಿ ಯಂತ್ರದಿಂದ ದಿನವೂ ಸ್ವಚ್ಛಗೊಳಿಸಬೇಕು. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು.

ಇಲ್ಲಿ ಕುಟುಂಬ ಯೋಚಿಸಬೇಕಾದ ಮಾತೊಂದಿದೆ. ಕೈ ನಡುಗುವ, ಕಣ್ಣು ಮಂಜಾದ, ಮರೆವು ಬಂದ ಹಿರಿಯರಿಗೆ ದುಬಾರಿ ಕದಲದ ಸೆಟ್ ಹಾಕಿಸಿದರೆ ಅದರ ಅಡಿಯನ್ನು ದಿನಾ ಶುಚಿ ಮಾಡುವವರು ಯಾರು? ಮಗ, ಮಗಳು, ಸೊಸೆ ಯಾರಾದರೂ ಆ ಹೊಣೆ ಹೊರಲಾಗದಿದ್ದರೆ ತೆಗೆದು ತೊಳೆಯುವ ಸೆಟ್ಟೇ ಅವರಿಗೆ ಹಿತ.

ಒಪ್ಪುವ ಮುನ್ನ ಕೇಳಿ

ನನಗೆ ಎಷ್ಟು ಇಂಪ್ಲಾಂಟ್ ಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗದೇ? ಹೇಳಿದ ಮೊತ್ತದಲ್ಲಿ ಸ್ಕ್ಯಾನ್, ಎಲುಬಿನ ಪುಡಿ, ತಾತ್ಕಾಲಿಕ ಸೆಟ್, ಶಾಶ್ವತ ಸೆಟ್ ಎಲ್ಲವೂ ಸೇರಿದೆಯೇ? ಒಂದು ಇಂಪ್ಲಾಂಟ್ ಹಿಡಿಯದಿದ್ದರೆ ಮತ್ತೆ ಹಾಕುವ ಖರ್ಚು ಯಾರದು? ಇವಕ್ಕೆ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಂಪ್ಲಾಂಟ್‌ನ ಕಂಪೆನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಜೋಪಾನ ಮಾಡಿ. ಹತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ ಒಂದು ಸ್ಕ್ರೂ ಸಡಿಲವಾದರೆ, ಯಾವ ಉಪಕರಣ ಬೇಕೆಂದು ಅಲ್ಲಿನ ವೈದ್ಯರಿಗೆ ತಿಳಿಯುವುದು ಆ ಚೀಟಿಯಿಂದಲೇ. ಸಾಧ್ಯವಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ನಿಮ್ಮ ಮನೆಯಲ್ಲಿ ಹಲ್ಲಿಲ್ಲದ ಹಿರಿಯರಿದ್ದರೆ ಇಂದೇ ಅವರನ್ನು ಒಮ್ಮೆ ಕೇಳಿ: ಯಾವ ಆಹಾರ ಬಿಟ್ಟಿದ್ದೀರಿ, ಸೆಟ್ ಎಲ್ಲಿ ನೋಯುತ್ತದೆ ಎಂದು. ಆ ಉತ್ತರ, ಹಳೆಯ ಔಷಧಿ ಚೀಟಿಗಳು ಮತ್ತು ಇತ್ತೀಚಿನ ಸಕ್ಕರೆ ಪರೀಕ್ಷೆಯ ವರದಿ, ಈ ಮೂರನ್ನು ಹಿಡಿದು ದಂತವೈದ್ಯರ ಬಳಿ ಹೋಗಿ. ಎಷ್ಟೋ ಮಂದಿಗೆ ಎರಡು ಇಂಪ್ಲಾಂಟ್ ಸಾಕಾಗಬಹುದು. ಕೆಲವರಿಗೆ ಸೆಟ್ ಸರಿಯಾಗಿ ಕೂರುವಂತೆ ಮಾಡಿಸಿದರೆ ಅಷ್ಟೇ ಸಾಕು.