ನಿಮಗಿದು ಗೊತ್ತೆ? ಸಾಕುವುದು ಬೇರೆ, ಸಲಹುವುದು ಬೇರೆ

ಕನ್ನಡದಲ್ಲಿ ನಾಯಿಯನ್ನು ಸಾಕಬಹುದು, ಕೋಳಿಯನ್ನೂ ಸಾಕಬಹುದು, ಮಗುವನ್ನಂತೂ ಸಾಕಲೇಬೇಕು. ಆದರೆ ‘ನಾಯಿಯನ್ನು ಸಲಹಿದೆ’ ಎಂದು ಹೇಳುವುದು ಅಪರೂಪ. ‘ಸಲಹು’ ಎಂಬುದರಲ್ಲಿ ಕಾಪಾಡುವ ಅರ್ಥವೂ ಬೆರೆತಿದೆ. ಅದಕ್ಕೇ ದೇವರ ಮುಂದೆ ಕೈಮುಗಿದವರ ಬಾಯಲ್ಲೂ ಅದೇ ಮಾತು.

‘ಲಾಲನೆ ಪಾಲನೆ’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಎರಡೂ ಸಂಸ್ಕೃತದಿಂದ ಬಂದವು. ಲಾಲನೆ ಎಂದರೆ ಮುದ್ದು, ಪಾಲನೆ ಎಂದರೆ ರಕ್ಷಣೆ. ಶಾಲೆಯ ಅರ್ಜಿಯಲ್ಲಿ ಸಹಿ ಹಾಕುವ ‘ಪೋಷಕರು’ ಪುಷ್ಟಿ ಕೊಡುವವರು. ಪೋಷಕಾಂಶವೂ ಪೋಷಕ ನಟನೂ ಅವರ ನೆಂಟರೇ!

ಅಚ್ಚಕನ್ನಡದ ‘ಊಡು’ ಎಂದರೆ ಉಣ್ಣುವಂತೆ ಮಾಡು. ಈಗದು ಹೆಚ್ಚಾಗಿ ಉಳಿದಿರುವುದು ‘ಹಾಲೂಡಿಸು’, ‘ಮೊಲೆಯೂಡಿಸು’ ಎಂಬಲ್ಲಿ. ಕೂಸಿಗೆ ಹಾಲು, ಔಷಧಿ ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲಿಗೆ ‘ಒಳಲೆ’ ಎಂದು ಹೆಸರು. ಬೆಳ್ಳಿಯ ಒಳಲೆ ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲೂ ಇದ್ದೀತು.

‘ಬಾಣಂತನ’ವಂತೂ ಸ್ವಾರಸ್ಯದ ಪದ. ಹೆತ್ತವಳು ಬಾಣಂತಿ, ಬಾಣಂತನ ‘ಮಾಡುವವರು’ ಮಾತ್ರ ಅವಳ ತಾಯಿ! ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಪಥ್ಯದ ಊಟ, ರಾತ್ರಿಯ ನಿದ್ದೆಗೇಡು ಎಲ್ಲವೂ ಆ ಒಂದು ಮಾತಿನಲ್ಲಿ ಅಡಕ. ಈಗ ಇದೇ ಕೆಲಸಕ್ಕೆ ಅಮ್ಮಂದಿರು ಅಮೆರಿಕಕ್ಕೂ ವಿಮಾನ ಹತ್ತುತ್ತಾರೆ.

ಸರಕಾರವೂ ಒಮ್ಮೊಮ್ಮೆ ಒಳ್ಳೆಯ ಹೆಸರಿಡುತ್ತದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ ಹೆಸರು ‘ಕೂಸಿನ ಮನೆ’.