ಡೇಟಾಬೇಸ್ ಸಂಪರ್ಕಗಳ ಮಿತಬಳಕೆ

ಹಬ್ಬಕ್ಕೆ ಊರಿಗೆ ಹೊರಡುವ ಮಹಾನಗರವಾಸಿಗಳು ಇಂದು ಬಹುಮಟ್ಟಿಗೆ ಜಾಲತಾಣದ ಮೂಲಕವೇ ಟಿಕೆಟ್ ಕಾದಿರಿಸುತ್ತಾರೆ. ಸಾವಿರಾರು ಮಂದಿ ಏಕಕಾಲಕ್ಕೆ ಬಂದಾಗ ಇಂತಹ ತಾಣಗಳು ಸ್ತಬ್ಧವಾಗುವುದುಂಟು. ಯಂತ್ರದ ಶಕ್ತಿ ಸಾಲದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಅನೇಕ ವೇಳೆ ದೋಷವಿರುವುದು, ಮಾಹಿತಿಯ ಭಂಡಾರವಾದ ಡೇಟಾಬೇಸಿನೊಡನೆ ಸಂಪರ್ಕ ಏರ್ಪಡಿಸಿಕೊಳ್ಳುವ ಕ್ರಮದಲ್ಲಿ.

ಒಂದು ಸಂಪರ್ಕ ಏರ್ಪಡಬೇಕಾದರೆ ಎರಡು ಗಣಕಯಂತ್ರಗಳು ಟಿಸಿಪಿ ಪದ್ಧತಿಯಂತೆ ಮೂರು ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳಬೇಕು. ಅನಂತರ ಗುಪ್ತಪದದ ಪರಿಶೀಲನೆ ನಡೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಪ್ರತ್ಯೇಕ ಪ್ರೋಸೆಸ್ ಹುಟ್ಟಿ, ತನ್ನ ಪಾಲಿನ ಮೆಮೊರಿಯನ್ನು ಬಳಸಿಕೊಳ್ಳುತ್ತದೆ. ಕ್ಷಣಾರ್ಧದಲ್ಲಿ ಮುಗಿಯುವ ಒಂದು ಪ್ರಶ್ನೆಗಾಗಿ ಇಷ್ಟೆಲ್ಲ ಸಿದ್ಧತೆ ನಡೆಸಿ, ಮರುಗಳಿಗೆಯೇ ಸಂಪರ್ಕವನ್ನು ಕಡಿಯುವುದೆಂದರೆ, ಪ್ರತಿ ಲೋಟ ಕಾಫಿಗೂ ಹೊಸದಾಗಿ ಒಲೆ ಹೂಡಿದಂತೆಯೇ ಸರಿ.

ಇದಕ್ಕೆ ಪರಿಹಾರವೇ ಕನೆಕ್ಷನ್ ಪೂಲ್. ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟು, ಬೇಕಾದಾಗ ಎರವಲು ಪಡೆದು, ಕೆಲಸ ಮುಗಿದೊಡನೆ ಹಿಂದಿರುಗಿಸುವುದು ಇದರ ತತ್ತ್ವ. ಒಂದೇ ಸಂಪರ್ಕವು ಹೀಗೆ ನೂರಾರು ಜನರ ಬೇಡಿಕೆಗಳನ್ನು ಒಂದಾದ ಮೇಲೊಂದರಂತೆ ಪೂರೈಸಬಲ್ಲದು.

ಪೂಲ್ ಹಿರಿದಾದಷ್ಟೂ ಒಳಿತೆಂಬುದು ತಪ್ಪು ಕಲ್ಪನೆ. ಪೋಸ್ಟ್‌ಗ್ರೆಸ್ ಬದಲಾವಣೆ ಮಾಡದ ಹೊರತು ಒಪ್ಪುವ ಸಂಪರ್ಕಗಳು ಸಾಮಾನ್ಯವಾಗಿ 100. ಜಾವಾ ಭಾಷೆಯವರು ಬಳಸುವ ಹಿಕಾರಿಸಿಪಿ ಪೂಲಿನ ಸಹಜ ಮಿತಿ 10. ಒಂದೇ ತಂತ್ರಾಂಶದ 12 ಪ್ರತಿಗಳು ನಡೆಯುತ್ತಿದ್ದರೆ ಬೇಡಿಕೆ 120ಕ್ಕೆ ಏರಬಹುದು. ಆಗ ಮಿತಿ ಮೀರಿದವು ತಿರಸ್ಕೃತವಾಗುತ್ತವೆ. ಮಿತಿಯನ್ನು ಏರಿಸಿದ ಮಾತ್ರಕ್ಕೆ ಪ್ರೊಸೆಸರಿನ ಶಕ್ತಿ ಹೆಚ್ಚುವುದಿಲ್ಲ. ಅಂಕೆ ಮೀರಿದ ಸಂಪರ್ಕಗಳು ಪರಸ್ಪರ ಪೈಪೋಟಿಯಿಂದ ಎಲ್ಲರ ಕೆಲಸವನ್ನೂ ನಿಧಾನಗೊಳಿಸುತ್ತವೆ. ಚಿಕ್ಕ ಪೂಲಿನ ಮುಂದೆ ಕೊಂಚ ಹೊತ್ತು ಸರದಿಯಲ್ಲಿ ನಿಲ್ಲುವುದೇ ಎಷ್ಟೋ ಮೇಲು.

ಇನ್ನೂ ಅಪಾಯಕರವಾದುದು ಸೋರಿಕೆ. ಕೆಲಸದ ನಡುವೆ ದೋಷ ತಲೆದೋರಿದಾಗ ಎರವಲು ಪಡೆದ ಸಂಪರ್ಕ ಹಿಂದಿರುಗದೆ ಉಳಿಯುತ್ತದೆ. ಹತ್ತೂ ಹೀಗೆ ಕಳೆದುಹೋದ ಮೇಲೆ ಹೊಸದಾಗಿ ಬಂದವರು 30 ಸೆಕೆಂಡು ಕಾದು, ಬರಿಗೈಯಲ್ಲಿ ಮರಳಬೇಕಾಗುತ್ತದೆ. ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಎಲ್ಲವೂ ಸರಿಹೋದಂತೆ ತೋರುವುದು. ಕೆಲವು ಗಂಟೆಗಳ ಬಳಿಕ ಅದೇ ಬಾಧೆ ಮರುಕಳಿಸುವುದು. ಇದು ಗುಳಿಗೆ ನುಂಗಿ ಜ್ವರವನ್ನು ಅಡಗಿಸಿದಂತೆ, ರೋಗಮೂಲ ಹಾಗೆಯೇ ಉಳಿದಿರುತ್ತದೆ.

ಕೆಲಸ ಸಫಲವಾಗಲಿ, ವಿಫಲವಾಗಲಿ, ಸಂಪರ್ಕ ಹಿಂದಿರುಗುವಂತೆ ತಂತ್ರಾಂಶವನ್ನು ರಚಿಸುವುದೇ ನಿಜವಾದ ಚಿಕಿತ್ಸೆ. ಬಳಕೆಯಲ್ಲಿರುವ ಸಂಪರ್ಕಗಳೆಷ್ಟು, ಕಾಯುತ್ತಿರುವವರೆಷ್ಟು ಎಂಬುದನ್ನು ಆಗಾಗ್ಗೆ ಪರೀಕ್ಷಿಸಿ ಪೂಲಿನ ಗಾತ್ರವನ್ನು ನಿರ್ಧರಿಸುವುದು ಪಥ್ಯ. ಹೊಸ ಯಂತ್ರಕ್ಕೆ ಹಣ ಸುರಿಯುವ ಮುನ್ನ ಈ ಪರೀಕ್ಷೆ ನಡೆಯುವುದು ಲೇಸು.